ತಲೆಗೆ ಬಿದ್ದ ಪೆಟ್ಟಿನ ಲೆಕ್ಕ ಇಟ್ಟವರಾರು?

ಹಳೆಯ ಕ್ರಿಕೆಟ್ ಕಥೆಗಳನ್ನು ಆಸೆಯಿಂದ ಓದಿದವರಿಗೆ ವಿಕ್ಟರ್ ಟ್ರಂಪರ್ ಎಂಬ ಆಸ್ಟ್ರೇಲಿಯದ ಬ್ಯಾಟ್ಸ್‌ಮನ್‌ನ ಹೆಸರು ಗೊತ್ತಿರುತ್ತದೆ. ಆತ ಸಿಡ್ನಿಯಲ್ಲಿ ಆಟದ ಸಾಮಾನುಗಳ ಅಂಗಡಿಯೊಂದನ್ನು ಇಟ್ಟಿದ್ದ ಎಂಬುದು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. 1907ರಲ್ಲಿ ಆ ಅಂಗಡಿಯಲ್ಲಿ ಕೆಲವರು ಸೇರಿ ಮಾತನಾಡುತ್ತಿದ್ದರು. ಮಾತು ಕ್ರಿಕೆಟ್ಟಿನದಲ್ಲ, ರಗ್ಬಿಯದು. ಅಲೆಕ್ ಬರ್ಡನ್ ಎಂಬ ಫಾರ್ವರ್ಡ್ ಆಟಗಾರನಿಗೆ ಆಟದಲ್ಲಿ ತೋಳಿಗೆ ಪೆಟ್ಟಾಗಿತ್ತು. ಆತನ ಕಸುಬು ಕ್ಷೌರ. ತೋಳು ಕೈಕೊಟ್ಟ ಕ್ಷೌರಿಕನ ಮನೆಯ ಒಲೆ ಹೇಗೆ ಉರಿಯಬೇಕು? ರಗ್ಬಿ ಸಂಘದವರು ಒಂದು ಕಾಸೂ ಕೊಡಲಿಲ್ಲ. ಹವ್ಯಾಸಕ್ಕೆ ಆಡುವವರಿಗೆ ಹಣ ಕೊಡುವುದು ನಿಯಮಕ್ಕೆ ವಿರುದ್ಧ ಎಂದರು. ಈ ಸಿಟ್ಟಿನಿಂದಲೇ ಆಸ್ಟ್ರೇಲಿಯದಲ್ಲಿ ರಗ್ಬಿ ಲೀಗ್ ಎಂಬ ಬೇರೆ ಆಟ ಹುಟ್ಟಿತು. ಅದರ ಮೊದಲ ಖಜಾಂಚಿ ಟ್ರಂಪರನೇ.

ಇಂಗ್ಲೆಂಡಿನಲ್ಲಿ ಇದಕ್ಕೂ ಮೊದಲೇ, 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರ ಭಾಗದ ಕ್ಲಬ್ಬುಗಳು ಹೀಗೆಯೇ ಸಿಡಿದು ಬೇರೆಯಾಗಿದ್ದವು. ಗಣಿ ಕಾರ್ಮಿಕರು, ಗಿರಣಿ ಕೆಲಸದವರು ಶನಿವಾರದ ಕೂಲಿ ಬಿಟ್ಟು ಆಡಲು ಬಂದರೆ ಆ ಕೂಲಿಯನ್ನು ತುಂಬಿಕೊಡಬೇಕೇ ಬೇಡವೇ ಎಂಬುದು ಅಲ್ಲಿನ ಜಗಳ. ಅಂದರೆ, ಬಡವನ ಮೈ ಆಟದಲ್ಲಿ ಸವೆದರೆ ಅದರ ಖರ್ಚು ಯಾರದ್ದು ಎಂಬ ಪ್ರಶ್ನೆ ಈ ಆಟದ ಹುಟ್ಟಿನಲ್ಲಿಯೇ ಇದೆ. ನೂರು ವರ್ಷ ಕಳೆದ ಮೇಲೆ ಅದೇ ಪ್ರಶ್ನೆ ಮತ್ತೆ ಎದ್ದಿದೆ. ಆಗ ಕೇಳಿದ್ದು ತೋಳಿನ ವಿಷಯ, ಈಗ ಕೇಳುತ್ತಿರುವುದು ಮಿದುಳಿನ ವಿಷಯ.

ನಮ್ಮ ಆರೋಗ್ಯ ಅಂಕಣಕ್ಕೂ ಈ ಆಟಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ರಗ್ಬಿ ಲೀಗಿನ ಫಾರ್ವರ್ಡ್ ಆಟಗಾರನ ಜೀವನ ನಮ್ಮಂಥ ವೈದ್ಯರಿಗೆ ತೆರೆದಿಟ್ಟ ಪುಸ್ತಕದ ಹಾಗೆ. ತಲೆಗೆ ಪೆಟ್ಟು, ಕತ್ತಿನ ಮೂಳೆ, ಮಂಡಿ, ಭುಜ, ನೋವಿನ ಮಾತ್ರೆ, ಏರಿದ ತೂಕ ಎಲ್ಲವೂ ಅಲ್ಲಿ ದೊಡ್ಡ ಅಕ್ಷರಗಳಲ್ಲಿ ಸಿಗುತ್ತವೆ. ಸ್ಕೂಟರಿನಿಂದ ಬಿದ್ದವರಲ್ಲಿ, ಶಾಲೆಯ ಕಬಡ್ಡಿಯಲ್ಲಿ ತಲೆ ತಾಗಿಸಿಕೊಂಡ ಹುಡುಗರಲ್ಲಿ, ಬಚ್ಚಲಲ್ಲಿ ಜಾರಿದ ಅಜ್ಜಂದಿರಲ್ಲಿ ನಾವು ನೋಡುವುದೂ ಅದನ್ನೇ, ಸಣ್ಣ ಅಕ್ಷರಗಳಲ್ಲಿ.

ಫಾರ್ವರ್ಡ್ ಎಂದರೆ ಯಾರು?

ಆಟದ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಪ್ರತಿ ತಂಡದಲ್ಲಿ 13 ಜನ, ಆಟ 80 ನಿಮಿಷ. ಚೆಂಡು ಹಿಡಿದವನು ಎದುರಾಳಿಗಳ ಸಾಲಿಗೆ ನುಗ್ಗುತ್ತಾನೆ, ಅವರು ಅವನನ್ನು ತಬ್ಬಿ ಕೆಡವುತ್ತಾರೆ. ಇದೇ ಟ್ಯಾಕಲ್. ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಯದು. 13 ಜನರಲ್ಲಿ ಆರು ಮಂದಿ ಫಾರ್ವರ್ಡ್‌ಗಳು. ಇಬ್ಬರು ಪ್ರಾಪ್, ಒಬ್ಬ ಹುಕರ್, ಇಬ್ಬರು ಸೆಕೆಂಡ್ ರೋ, ಒಬ್ಬ ಲಾಕ್. ಓಡಿ ಅಂಕ ಗಳಿಸಿ ಫೋಟೋದಲ್ಲಿ ಬರುವವರು ಹಿಂದಿನವರು. ಗುದ್ದಿ ಗುದ್ದಿ ದಾರಿ ಮಾಡಿಕೊಡುವವರು ಇವರು. ಮನೆ ಕಟ್ಟುವಾಗ ತಳಪಾಯ ಅಗೆಯುವವರ ಹೆಸರು ಯಾರಿಗೂ ಗೊತ್ತಿರುವುದಿಲ್ಲವಲ್ಲ, ಹಾಗೆ.

ಗುದ್ದುವುದು ಎಂದರೆ ಎಷ್ಟು ಬಲ? ಸುಮಾರು 100 ಕೆ.ಜಿ. ತೂಗುವ ಮನುಷ್ಯ ಗಂಟೆಗೆ 18 ಕಿ.ಮೀ. ವೇಗದಲ್ಲಿ ಓಡಿ ಬರುತ್ತಾನೆ ಎಂದಿಟ್ಟುಕೊಳ್ಳಿ. ಅದು ನಮ್ಮೂರಿನ ಸೈಕಲ್ಲಿನ ವೇಗ. ಶಾಲೆಯಲ್ಲಿ ಕಲಿತ ಭೌತಶಾಸ್ತ್ರದ ಲೆಕ್ಕ ಹಾಕಿದರೆ, 50 ಕೆ.ಜಿ. ಸಿಮೆಂಟ್ ಮೂಟೆಯನ್ನು ಎಂಟು ಅಡಿ ಎತ್ತರದಿಂದ ಬಿಟ್ಟಾಗ ಎಷ್ಟು ಶಕ್ತಿಯೋ ಅಷ್ಟು. ಎದುರಿನವನೂ ಸುಮ್ಮನೆ ನಿಂತಿರುವುದಿಲ್ಲ, ಅವನೂ ಓಡಿ ಬರುತ್ತಾನೆ. ಅಮೆರಿಕದ ಫುಟ್‌ಬಾಲಿನಲ್ಲಿ ಹಾಕುವಂಥ ಗಟ್ಟಿ ಹೆಲ್ಮೆಟ್ ಇಲ್ಲಿಲ್ಲ. ಹಲ್ಲಿಗೊಂದು ರಬ್ಬರ್ ಕವಚ, ಬೇಕೆನಿಸಿದವರಿಗೆ ತಲೆಗೊಂದು ಮೆತ್ತನೆಯ ಟೋಪಿ. ಆ ಟೋಪಿ ಚರ್ಮ ಹರಿಯುವುದನ್ನು, ಕಿವಿ ಜಜ್ಜುವುದನ್ನು ತಪ್ಪಿಸುತ್ತದೆ. ಮಿದುಳು ಅಲುಗುವುದನ್ನು ತಪ್ಪಿಸುತ್ತದೆ ಎಂದು ನಂಬುವಂತಿಲ್ಲ.

ಸ್ಟೀವ್ ಫೋಕ್ಸ್

ಸಿಡ್ನಿಯ ಕ್ಯಾಂಟರ್‌ಬರಿ ಕ್ಲಬ್ಬಿನ ಸ್ಟೀವ್ ಫೋಕ್ಸ್ ಎಂಬ ಸೆಕೆಂಡ್ ರೋ ಆಟಗಾರನ ವೃತ್ತಿಯನ್ನು ನೋಡೋಣ. 1959ರಲ್ಲಿ ಹುಟ್ಟಿದ ಈತ 1978ರಿಂದ 1991ರವರೆಗೆ ಒಂದೇ ಕ್ಲಬ್ಬಿಗೆ ಮೇಲ್ದರ್ಜೆಯ 245 ಪಂದ್ಯಗಳನ್ನು ಆಡಿದ. ಕ್ಲಬ್ಬು 1980, 1984, 1985 ಮತ್ತು 1988ರಲ್ಲಿ ಪ್ರಶಸ್ತಿ ಗೆದ್ದಾಗ ಆತ ತಂಡದಲ್ಲಿದ್ದ. ನ್ಯೂ ಸೌತ್ ವೇಲ್ಸ್ ರಾಜ್ಯಕ್ಕೂ ಆಡಿದ, ಆಸ್ಟ್ರೇಲಿಯ ದೇಶಕ್ಕೂ ಆಡಿದ. 1984ರ ಅಂತಿಮ ಪಂದ್ಯದ ಅಂಕ 6-4, 1985ರದ್ದು 7-6. ಇಷ್ಟು ಕಡಿಮೆ ಅಂಕಗಳ ಪಂದ್ಯ ಎಂದರೆ 80 ನಿಮಿಷವೂ ಮೈದಾನದ ನಡುವೆ ಫಾರ್ವರ್ಡ್‌ಗಳು ಒಬ್ಬರನ್ನೊಬ್ಬರು ಗುದ್ದುತ್ತಿದ್ದರು ಎಂದೇ ಅರ್ಥ. ನಿವೃತ್ತಿಯ ನಂತರ 1998ರಿಂದ 2008ರವರೆಗೆ ಅದೇ ಕ್ಲಬ್ಬಿಗೆ ತರಬೇತುದಾರನಾದ. 2004ರಲ್ಲಿ ಆತನ ತಂಡ ಸಿಡ್ನಿ ರೂಸ್ಟರ್ಸ್ ತಂಡವನ್ನು 16-13ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು. ಯಾವ ಆಟಗಾರನಾದರೂ ಹೊಟ್ಟೆಕಿಚ್ಚುಪಡುವಂಥ ಬಾಳು.

2018ರ ಫೆಬ್ರವರಿ 27ರಂದು ಫೋಕ್ಸ್ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 59. ಆತನ ಮಿದುಳನ್ನು ವೈದ್ಯಕೀಯ ಪರೀಕ್ಷೆಗೆ ದಾನ ಮಾಡಲಾಯಿತು. ಕ್ರೀಡಾಪಟುಗಳ ಮಿದುಳುಗಳನ್ನು ಅಧ್ಯಯನ ಮಾಡುವ ಒಂದು ಬ್ಯಾಂಕು ಅದೇ ವರ್ಷ ಸಿಡ್ನಿಯಲ್ಲಿ ಆರಂಭವಾಗಿತ್ತು. ಪರೀಕ್ಷೆ ಮಾಡಿದ ವೈದ್ಯರಿಗೆ ಕಂಡದ್ದು ಸಿಟಿಇ ಎಂಬ ಕಾಯಿಲೆ. ಆಸ್ಟ್ರೇಲಿಯದ ರಾಷ್ಟ್ರೀಯ ರಗ್ಬಿ ಲೀಗಿಗೆ ಸೇರಿದವರಲ್ಲಿ ಈ ಕಾಯಿಲೆ ಇತ್ತೆಂದು ಹೊರಗೆ ತಿಳಿದುಬಂದ ಮೊದಲ ಹೆಸರು ಆತನದು.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕೆನಿಸುತ್ತದೆ. ಇದು ನನ್ನ ಲೆಕ್ಕ, ಯಾವ ದಾಖಲೆಯದೂ ಅಲ್ಲ. ಒಬ್ಬ ಫಾರ್ವರ್ಡ್ ಪಂದ್ಯವೊಂದರಲ್ಲಿ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ಟ್ಯಾಕಲ್ ಮಾಡುತ್ತಾನೆ. ತಾನೇ ಚೆಂಡು ಹಿಡಿದು ಹತ್ತಾರು ಬಾರಿ ನುಗ್ಗಿ ಕೆಡವಿಸಿಕೊಳ್ಳುತ್ತಾನೆ. ಎರಡೂ ಸೇರಿ 35 ಎಂದು ಹಿಡಿದರೂ 245 ಪಂದ್ಯಗಳಿಗೆ 8,575 ಡಿಕ್ಕಿಗಳಾದವು. ಅಭ್ಯಾಸದ ದಿನಗಳು, ಹುಡುಗಾಟಿಕೆಯ ವಯಸ್ಸಿನ ಆಟ, ರಾಜ್ಯದ ಮತ್ತು ದೇಶದ ಪಂದ್ಯಗಳು ಇದರಲ್ಲಿ ಸೇರಿಲ್ಲ. ಇವುಗಳಲ್ಲಿ ಬಹುಪಾಲು ತಲೆಗೆ ನೇರ ಬಿದ್ದ ಪೆಟ್ಟುಗಳಲ್ಲ, ಮೈಗೆ ಬಿದ್ದವು. ಆದರೆ ಮೈ ಗಕ್ಕನೆ ನಿಂತಾಗ ತಲೆಯೊಳಗಿನ ಮಿದುಳು ಗಕ್ಕನೆ ನಿಲ್ಲುವುದಿಲ್ಲ.

ಬಸ್ಸಿನಲ್ಲಿ ತೊಡೆಯ ಮೇಲೆ ಗಟ್ಟಿ ಮೊಸರಿನ ಪಾತ್ರೆ ಇಟ್ಟುಕೊಂಡು ಕುಳಿತಿದ್ದೀರಿ. ಡ್ರೈವರ್ ಜೋರಾಗಿ ಬ್ರೇಕ್ ಹಾಕುತ್ತಾನೆ. ಪಾತ್ರೆಗೆ ಏನೂ ಆಗುವುದಿಲ್ಲ, ಮುಚ್ಚಳವೂ ಹಾರುವುದಿಲ್ಲ. ಮನೆಗೆ ಹೋಗಿ ತೆಗೆದು ನೋಡಿದರೆ ಮೊಸರು ಒಡೆದಿರುತ್ತದೆ. ತಲೆಬುರುಡೆ ಮತ್ತು ಮಿದುಳಿನ ಸಂಗತಿ ಹೆಚ್ಚು ಕಡಿಮೆ ಇದೇ. ಹೊರಗೆ ಗಾಯ ಇಲ್ಲ, ರಕ್ತ ಇಲ್ಲ. ಒಳಗೆ ನರಕೋಶಗಳ ಉದ್ದನೆಯ ಎಳೆಗಳು ಜಗ್ಗಿರುತ್ತವೆ.

ಸಿಟಿಇ ಎಂದರೇನು?

ಮಿದುಳಿನ ನರಕೋಶಗಳಲ್ಲಿ ಟೌ ಎಂಬ ಒಂದು ಪ್ರೋಟೀನು ಇದೆ. ಗುಡಿಸಲಿನ ಗಳುಗಳನ್ನು ಹಗ್ಗ ಹಿಡಿದಿಡುವಂತೆ ಅದು ಕೋಶದ ಒಳಗಿನ ಕೊಳವೆಗಳನ್ನು ಹಿಡಿದಿಡುತ್ತದೆ. ಪದೇ ಪದೇ ಪೆಟ್ಟು ಬಿದ್ದಾಗ ಈ ಟೌ ಬಿಚ್ಚಿಕೊಂಡು ಗಂಟು ಕಟ್ಟುತ್ತದೆ. ಸಿಟಿಇ ಕಾಯಿಲೆಯಲ್ಲಿ ಈ ಗಂಟುಗಳು ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಕೂರುತ್ತವೆ. ಮುಪ್ಪಿನ ಮರೆವಿನ ಕಾಯಿಲೆಯಲ್ಲೂ ಟೌ ಗಂಟುಗಳಿವೆ. ಆದರೆ ಅವು ಕೂರುವ ಜಾಗ ಬೇರೆ.

ಇದು ಹೊಸದಾಗಿ ಕಂಡದ್ದೇನೂ ಅಲ್ಲ. 1928ರಲ್ಲಿಯೇ ಅಮೆರಿಕದ ಡಾ. ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬುವರು ಮುಷ್ಟಿಕಾಳಗದವರಲ್ಲಿ ಕಾಣುವ ತೂರಾಟ, ನಿಧಾನ ಮಾತು, ಮಂಕುತನಗಳ ಬಗ್ಗೆ ಬರೆದಿದ್ದರು. ಕುಡಿಯದೆಯೇ ಕುಡುಕರಂತೆ ನಡೆಯುವ ಈ ಸ್ಥಿತಿಗೆ ಬಾಕ್ಸಿಂಗ್ ವಲಯದಲ್ಲೇ ಒಂದು ಅಡ್ಡಹೆಸರಿತ್ತು. ತಲೆಗೇ ಗುರಿಯಿಟ್ಟು ಹೊಡೆಯುವ ಆಟದಲ್ಲಿ ಹೀಗಾಗುವುದು ಸಹಜ ಎಂದು ಎಲ್ಲರೂ ಸುಮ್ಮನಾದರು. 2002ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ತೀರಿಕೊಂಡಾಗ ನೈಜೀರಿಯ ಮೂಲದ ಡಾ. ಬೆನೆಟ್ ಒಮಾಲು ಆತನ ಮಿದುಳಿನಲ್ಲಿ ಇದನ್ನೇ ಕಂಡರು. ಅಲ್ಲಿಂದ ಮುಂದೆ ಬೇರೆ ಬೇರೆ ಆಟಗಳವರ ಮಿದುಳುಗಳ ಪರೀಕ್ಷೆ ಶುರುವಾಯಿತು. 2019ರಲ್ಲಿ ಸಿಡ್ನಿಯ ವೈದ್ಯರು ಇಬ್ಬರು ಮಾಜಿ ಲೀಗ್ ಆಟಗಾರರ ಮಿದುಳಿನ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇಲ್ಲಿ ನೀವು ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಈ ಕಾಯಿಲೆ ಇದೆಯೆಂದು ಖಚಿತವಾಗಿ ಹೇಳಲು ಆಗುವುದು ಸತ್ತ ಮೇಲೆ ಮಾತ್ರ, ಮಿದುಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಬದುಕಿರುವವರಲ್ಲಿ ಮರೆವು, ಮುಂಗೋಪ, ಮಂಕು, ನಿರಾಸೆ ಕಂಡರೆ ಅದಕ್ಕೆ ನೂರು ಕಾರಣಗಳಿರಬಹುದು. ಥೈರಾಯ್ಡ್, ಬಿ12 ಜೀವಸತ್ವದ ಕೊರತೆ, ಕುಡಿತ, ನಿದ್ರೆಗೇಡು, ಖಿನ್ನತೆ ಇವೆಲ್ಲ ಅದೇ ವೇಷ ಹಾಕಿಕೊಂಡು ಬರುತ್ತವೆ, ಮತ್ತು ಇವುಗಳಿಗೆ ಚಿಕಿತ್ಸೆ ಇದೆ. ಆದ್ದರಿಂದ ಯೌವನದಲ್ಲಿ ತಲೆಗೆ ಪೆಟ್ಟು ಬಿದ್ದಿತ್ತು, ಅದಕ್ಕೇ ಹೀಗೆ ಎಂದು ಮನೆಯಲ್ಲಿಯೇ ತೀರ್ಪು ಕೊಟ್ಟು ಕೂರಬೇಡಿ.

ಎರಡನೆಯದು, ಮಿದುಳು ದಾನ ಬರುವುದು ಹೆಚ್ಚಾಗಿ ಏನೋ ಸರಿಯಿಲ್ಲ ಎಂದು ಅನುಮಾನ ಬಂದ ಮನೆಗಳಿಂದ. ಹಾಗಾಗಿ ಬ್ಯಾಂಕಿನಲ್ಲಿ ಕಂಡ ಸಂಖ್ಯೆಯನ್ನು ನೋಡಿ ಎಲ್ಲ ಆಟಗಾರರಿಗೂ ಇದೇ ಗತಿ ಎನ್ನುವಂತಿಲ್ಲ. ಹಾಗೆಂದು ಪೆಟ್ಟಿಗೂ ಕಾಯಿಲೆಗೂ ಸಂಬಂಧವೇ ಇಲ್ಲ ಎಂದು ವಾದಿಸುತ್ತಿದ್ದವರ ಕಾಲವೂ ಮುಗಿದಿದೆ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟು ಸಿಟಿಇಗೆ ಕಾರಣ ಎಂದು ಅಮೆರಿಕ ಸರ್ಕಾರದ ನರರೋಗ ಸಂಶೋಧನಾ ಸಂಸ್ಥೆಯೇ 2022ರಲ್ಲಿ ಒಪ್ಪಿಕೊಂಡಿದೆ.

ಅದೇ 2022ರಲ್ಲಿ ಮಾರಿಯೊ ಫೆನೆಕ್ ಎಂಬ ಮಾಜಿ ಹುಕರ್‌ನ ಕುಟುಂಬ ಆಸ್ಟ್ರೇಲಿಯದ ಟೀವಿಯಲ್ಲಿ ಮಾತನಾಡಿತು. ಮಾಲ್ಟಾದಲ್ಲಿ ಹುಟ್ಟಿ ಸೌತ್ ಸಿಡ್ನಿ ತಂಡದ ನಾಯಕನಾಗಿದ್ದ, ಎದುರಾಳಿಗಳಿಗೆ ಹೆದರದವನೆಂದು ಹೆಸರಾಗಿದ್ದ ಆಟಗಾರ. ಐವತ್ತರ ವಯಸ್ಸಿನಲ್ಲಿಯೇ ಮರೆವಿನ ರೋಗ ಆತನನ್ನು ಹಿಡಿದಿತ್ತು. ಆ ಮಾತುಗಳಲ್ಲಿ ನನಗೆ ಮುಖ್ಯವಾಗಿ ಕಂಡವಳು ಹೆಂಡತಿ. ಮರೆವಿನ ರೋಗ ಬಂದ ಮನೆಗಳಲ್ಲಿ ಅದನ್ನು ಮೊದಲು ಗಮನಿಸುವವಳು, ಎಲ್ಲರಿಂದಲೂ ಮುಚ್ಚಿಟ್ಟು ಸಂಭಾಳಿಸುವವಳು, ಕೊನೆಗೆ ತಾನೇ ಕುಸಿಯುವವಳು ಅವಳೇ. ನಮ್ಮ ಊರುಗಳಲ್ಲೂ ರೋಗಿಯ ಬಿ.ಪಿ. ನೋಡುವಾಗ ಪಕ್ಕದಲ್ಲಿ ನಿಂತಿರುವ ಹೆಂಡತಿಯ ಅಥವಾ ಸೊಸೆಯ ಬಿ.ಪಿ.ಯನ್ನೂ ಒಮ್ಮೆ ನೋಡುವುದು ಒಳ್ಳೆಯದು. ಎಷ್ಟೋ ಸಲ ಅದೇ ಹೆಚ್ಚಿರುತ್ತದೆ.

ಕೆಚ್ಚೆದೆಯ ಕಥೆಗಳು

ಈ ಆಟದ ಅಭಿಮಾನಿಗಳು ಮಕ್ಕಳಿಗೆ ಹೇಳುವ ಒಂದು ಕಥೆಯಿದೆ. 1970ರ ಸೆಪ್ಟೆಂಬರ್ 19ರಂದು ಸೌತ್ ಸಿಡ್ನಿ ಮತ್ತು ಮ್ಯಾನ್ಲಿ ತಂಡಗಳ ನಡುವೆ ಅಂತಿಮ ಪಂದ್ಯ. ಸೌತ್ ಸಿಡ್ನಿಯ ನಾಯಕ, ಪ್ರಾಪ್ ಆಟಗಾರ ಜಾನ್ ಸ್ಯಾಟ್ಲರ್‌ಗೆ ಆಟದ ಮೊದಲ ಹತ್ತು ನಿಮಿಷದೊಳಗೆ ಎದುರಾಳಿಯೊಬ್ಬ ಮುಷ್ಟಿಯಿಂದ ಗುದ್ದಿದ. ದವಡೆಯ ಮೂಳೆ ಒಂದಕ್ಕಿಂತ ಹೆಚ್ಚು ಕಡೆ ಮುರಿಯಿತು. ತಾನು ಬಿದ್ದದ್ದು ಎದುರಾಳಿಗೆ ಗೊತ್ತಾಗದಂತೆ ಎತ್ತಿ ಹಿಡಿಯಿರಿ ಎಂದು ಜೊತೆಗಾರನಿಗೆ ಹೇಳಿದನಂತೆ. ಉಳಿದ ಎಪ್ಪತ್ತು ನಿಮಿಷವನ್ನೂ ಆಡಿದ. ತಂಡ 23-12ರಿಂದ ಗೆದ್ದಿತು. ಆ ದವಡೆಯಲ್ಲೇ ನಾಲ್ಕು ಮಾತಾಡಿ, ಆಮೇಲೆ ಆಸ್ಪತ್ರೆಗೆ ಹೋದ. 2023ರ ಮಾರ್ಚ್‌ನಲ್ಲಿ, 80ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಪತ್ರಿಕೆಗಳೆಲ್ಲ ಈ ದವಡೆಯ ಕಥೆಯನ್ನೇ ಬರೆದವು. ಕೊನೆಯ ವರ್ಷಗಳಲ್ಲಿ ಆತನಿಗೆ ಮರೆವಿನ ರೋಗ ಇತ್ತು. 80 ವರ್ಷದವನಿಗೆ ಮರೆವು ಬರಲು ರಗ್ಬಿಯೇ ಬೇಕಾಗಿಲ್ಲ, ಹಾಗಾಗಿ ಎರಡನ್ನೂ ಗಂಟು ಹಾಕಲು ನಾನು ಹೋಗುವುದಿಲ್ಲ.

2014ರ ಅಕ್ಟೋಬರ್ 5ರಂದು ಅದೇ ಸೌತ್ ಸಿಡ್ನಿ ತಂಡದ ಇನ್ನೊಬ್ಬ ಫಾರ್ವರ್ಡ್, ಇಂಗ್ಲೆಂಡಿನ ಸ್ಯಾಮ್ ಬರ್ಜೆಸ್, ಅಂತಿಮ ಪಂದ್ಯದ ಆರಂಭದಲ್ಲೇ ಎದುರಾಳಿಯ ತಲೆಗೆ ಡಿಕ್ಕಿ ಹೊಡೆದು ಕೆನ್ನೆಯ ಮೂಳೆ ಮುರಿದುಕೊಂಡ. ಆತನೂ ಕೊನೆಯವರೆಗೆ ಆಡಿ, ಪಂದ್ಯದ ಶ್ರೇಷ್ಠ ಆಟಗಾರನ ಪದಕ ಪಡೆದ. 43 ವರ್ಷಗಳ ನಂತರ ಕ್ಲಬ್ಬಿಗೆ ಪ್ರಶಸ್ತಿ ಬಂದ ದಿನ ಅದು. ಜನ ಅತ್ತರು, ನಕ್ಕರು. ನಾನು ಓದುವಾಗ ನನಗೂ ಮೈ ಜುಮ್ಮೆಂದಿತು, ಸುಳ್ಳು ಹೇಳಬಾರದು.

ಆದರೆ ವೈದ್ಯನ ಕುರ್ಚಿಯಲ್ಲಿ ಕುಳಿತು ಯೋಚಿಸಿದರೆ ಈ ಕಥೆಗಳಿಂದಾದ ಕೇಡು ಸಣ್ಣದಲ್ಲ. ಮುರಿದ ದವಡೆ ಕೂಡುತ್ತದೆ. ಮೂಳೆಗೆ ಆ ಗುಣ ಇದೆ. ಮಿದುಳಿಗೆ ಅದಿಲ್ಲ. ದವಡೆ ನೋವನ್ನು ನುಂಗಿ ಆಡಿದವನನ್ನು ಹೊಗಳುವ ಜನ, ತಲೆ ತಿರುಗುತ್ತಿದ್ದರೂ ಆಡಿದವನನ್ನೂ ಅದೇ ಬಾಯಲ್ಲಿ ಹೊಗಳುತ್ತಾರೆ. ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಎರಡನೆಯದು ಬಿದ್ದರೆ, ವಿಶೇಷವಾಗಿ ಎಳೆಯ ವಯಸ್ಸಿನವರಲ್ಲಿ, ಮಿದುಳು ಬಾತುಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಅಪರೂಪ, ಆದರೆ ಸುಳ್ಳಲ್ಲ.

ಆಟದ ಆಡಳಿತಗಾರರು ತಡವಾಗಿಯಾದರೂ ಎಚ್ಚೆತ್ತರು. ತೋಳನ್ನು ಬಳಸದೆ ಬರಿಯ ಭುಜದಿಂದ ಗುದ್ದುವುದನ್ನು ಆಸ್ಟ್ರೇಲಿಯದಲ್ಲಿ 2013ರಿಂದ ನಿಷೇಧಿಸಿದರು. ತಲೆಗೆ ಪೆಟ್ಟು ಬಿದ್ದವನನ್ನು ಮೈದಾನದಿಂದ ಹೊರಗೆ ಕರೆದು ವೈದ್ಯರು ಪರೀಕ್ಷಿಸುವ ಪದ್ಧತಿ ಬಂತು. 2023ರಿಂದ, ಕನ್‌ಕಷನ್ ಆದ ಆಟಗಾರ ಸಾಮಾನ್ಯವಾಗಿ 11 ದಿನ ಆಡುವಂತಿಲ್ಲ ಎಂಬ ನಿಯಮ ಮಾಡಿದರು. ಒಳ್ಳೆಯದೇ. ಫೋಕ್ಸ್ ಆಡುತ್ತಿದ್ದ ಕಾಲದಲ್ಲಿ ಮೂಗಿಗೆ ಘಾಟಿನ ಉಪ್ಪು ಹಿಡಿದು, ಮುಖಕ್ಕೆ ನೀರೆರಚಿ ಮತ್ತೆ ಆಟಕ್ಕೆ ಬಿಡುತ್ತಿದ್ದರು. ನಮ್ಮಲ್ಲಿ ಈರುಳ್ಳಿ ಮೂಸಿಸಿ ಕಾಫಿ ಕೊಟ್ಟಂತೆ.

ಮನೆಯಲ್ಲಿ ತಲೆಗೆ ಪೆಟ್ಟು ಬಿದ್ದಾಗ

ಕನ್‌ಕಷನ್ ಎಂದರೆ ಪೆಟ್ಟಿನಿಂದ ಮಿದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದು. ಎಚ್ಚರ ತಪ್ಪಿದರೆ ಮಾತ್ರ ಕನ್‌ಕಷನ್ ಎಂಬ ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ. ಬಹುತೇಕ ಮಂದಿಗೆ ಎಚ್ಚರ ತಪ್ಪುವುದೇ ಇಲ್ಲ. ಹುಡುಗ ಎದ್ದು ನಿಲ್ಲುತ್ತಾನೆ, ಆದರೆ ಕಣ್ಣು ಎಲ್ಲೋ ನೋಡುತ್ತಿರುತ್ತದೆ. ಕೇಳಿದ್ದನ್ನೇ ಮತ್ತೆ ಕೇಳುತ್ತಾನೆ. ತಲೆನೋವು, ವಾಕರಿಕೆ, ಬೆಳಕು ಸದ್ದು ಸಹಿಸದಿರುವುದು, ನಡೆಯುವಾಗ ತೂಗಾಟ, ಮರುದಿನ ಪುಸ್ತಕ ಹಿಡಿದರೆ ಓದು ತಲೆಗೆ ಹತ್ತದಿರುವುದು, ಕಾರಣವಿಲ್ಲದ ಅಳು ಅಥವಾ ಸಿಡುಕು ಇವು ಲಕ್ಷಣಗಳು. ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಇನ್ನೊಂದು ಮಾತು ದಿನವೂ ಕೇಳುತ್ತೇನೆ. "ಡಾಕ್ಟ್ರೇ, ಸ್ಕ್ಯಾನ್ ಮಾಡಿಸಿದ್ವಿ, ನಾರ್ಮಲ್ ಬಂತು, ಏನೂ ಆಗಿಲ್ಲ." ಸಿ.ಟಿ. ಸ್ಕ್ಯಾನ್ ನೋಡುವುದು ರಕ್ತಸ್ರಾವ ಮತ್ತು ಮೂಳೆಬಿರುಕನ್ನು. ಕನ್‌ಕಷನ್ ಅದರಲ್ಲಿ ಕಾಣುವುದಿಲ್ಲ. ನಾರ್ಮಲ್ ಎಂದರೆ ಆಪರೇಷನ್ ಬೇಡ ಎಂದು ಅರ್ಥ, ನಾಳೆಯೇ ಆಡಬಹುದು ಎಂದಲ್ಲ.

ಪೆಟ್ಟು ಬಿದ್ದವನು ಎರಡು ಮೂರು ಬಾರಿ ವಾಂತಿ ಮಾಡಿದರೆ, ತಲೆನೋವು ಹೆಚ್ಚುತ್ತಲೇ ಹೋದರೆ, ಎಬ್ಬಿಸಿದರೂ ಮಂಪರು ಬಿಡದಿದ್ದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂಥ ದ್ರವ ಇಳಿದರೆ ಒಂದು ನಿಮಿಷವೂ ಕಾಯದೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಇವು ಯಾವುವೂ ಇಲ್ಲದೆ, ವೈದ್ಯರು ನೋಡಿ ಮನೆಗೆ ಕಳಿಸಿದ್ದರೆ, ಮಗು ಮಲಗಲಿ. ರಾತ್ರಿಯೆಲ್ಲ ಎಚ್ಚರ ಇರಿಸಬೇಕೆಂಬ ನಂಬಿಕೆಯಿಂದ ಮಗುವಿಗೂ ಅಜ್ಜಿಗೂ ನಿದ್ದೆಗೆಟ್ಟದ್ದಷ್ಟೇ ಲಾಭ. ನೋವಿಗೆ ಪ್ಯಾರಸಿಟಮಾಲ್ ಸಾಕು. ಮೊದಲ ಎರಡು ದಿನ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಇದ್ದರೆ ಅವು ಹೆಚ್ಚಿಸಬಹುದು. ಒಂದೆರಡು ದಿನ ವಿಶ್ರಾಂತಿ, ಟೀವಿ ಮೊಬೈಲು ಕಡಿಮೆ. ಆಮೇಲೆ ನಿಧಾನವಾಗಿ ನಡಿಗೆ, ಶಾಲೆ, ಕೊನೆಗೆ ಆಟ.

ವಯಸ್ಸಾದವರ ವಿಷಯ ಬೇರೆ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವ ಅಜ್ಜ ಬಚ್ಚಲಲ್ಲಿ ಜಾರಿ ತಲೆ ತಾಗಿಸಿಕೊಂಡರೆ, ಆಗ ಏನೂ ಆಗದಿದ್ದರೂ ಎರಡು ಮೂರು ವಾರಗಳ ನಂತರ ಮಂಕಾಗಬಹುದು, ಒಂದು ಕಾಲು ಎಳೆಯಬಹುದು. ತಲೆಯೊಳಗೆ ನಿಧಾನವಾಗಿ ರಕ್ತ ಶೇಖರವಾಗಿರುತ್ತದೆ. ವಯಸ್ಸಾಯಿತು ಎಂದು ಬಿಡಬೇಡಿ. ಬಿದ್ದದ್ದನ್ನು ವೈದ್ಯರಿಗೆ ನೆನಪು ಮಾಡಿ ಹೇಳಿ.

ಕತ್ತು

2014ರ ಮಾರ್ಚ್ 24ರಂದು ನ್ಯೂಕ್ಯಾಸಲ್ ತಂಡದ ಅಲೆಕ್ಸ್ ಮೆಕಿನನ್ ಎಂಬ 22 ವರ್ಷದ ಫಾರ್ವರ್ಡ್‌ನನ್ನು ಮೆಲ್ಬರ್ನ್‌ನ ಪಂದ್ಯದಲ್ಲಿ ಮೂವರು ಎದುರಾಳಿಗಳು ಎತ್ತಿ ಕೆಡವಿದರು. ತಲೆ ಕೆಳಗಾಗಿ ಬಿದ್ದ. ಕತ್ತಿನ ನಾಲ್ಕು ಮತ್ತು ಐದನೆಯ ಮೂಳೆಗಳು ಮುರಿದು ಬೆನ್ನುಹುರಿಗೆ ಏಟಾಯಿತು. ಅಲ್ಲಿಗೆ ಆಟದ ಬದುಕು ಮುಗಿದು ಗಾಲಿಕುರ್ಚಿಯ ಬದುಕು ಶುರುವಾಯಿತು. ಮೈದಾನದಲ್ಲಿ ತರಬೇತಾದವರಿದ್ದರು. ಕತ್ತನ್ನು ಅಲುಗದಂತೆ ಹಿಡಿದು, ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಿದರು.

ನಮ್ಮ ರಸ್ತೆಗಳಲ್ಲಿ ಏನಾಗುತ್ತದೆ ನೋಡಿದ್ದೀರಿ. ಅಪಘಾತವಾದ ಕ್ಷಣ ನಾಲ್ಕು ಜನ ಓಡಿ ಬಂದು, ಒಬ್ಬರು ಕೈ, ಒಬ್ಬರು ಕಾಲು ಹಿಡಿದು, ತಲೆ ಜೋತಾಡುತ್ತಿದ್ದಂತೆಯೇ ಆಟೋದಲ್ಲಿ ಕೂರಿಸುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಮುರಿದ ಕತ್ತಿನ ಮೂಳೆ ಆ ಜೋತಾಟದಲ್ಲಿ ಬೆನ್ನುಹುರಿಯನ್ನು ಕತ್ತರಿಸಬಹುದು. ಬಿದ್ದವನು ಉಸಿರಾಡುತ್ತಿದ್ದರೆ, ಸುತ್ತ ಬೆಂಕಿಯ ಅಥವಾ ವಾಹನಗಳ ಅಪಾಯ ಇಲ್ಲದಿದ್ದರೆ, ಇದ್ದಲ್ಲೇ ಇರಲಿ. ಒಬ್ಬರು ತಲೆಯ ಬಳಿ ಕುಳಿತು ಎರಡೂ ಕೈಯಿಂದ ತಲೆ ಅಲುಗದಂತೆ ಹಿಡಿಯಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಿ. ಸಾಗಿಸಲೇಬೇಕಾಗಿ ಬಂದರೆ ತಲೆ, ಕತ್ತು, ಬೆನ್ನು ಒಂದೇ ಗೆರೆಯಲ್ಲಿರುವಂತೆ ಬಾಗಿಲ ಹಲಗೆಯ ಮೇಲಾದರೂ ಮಲಗಿಸಿ. ನೀರು ಕುಡಿಸಲು ತಲೆ ಎತ್ತಬೇಡಿ. ಹೆಲ್ಮೆಟನ್ನು ಎಳೆದು ಕೀಳಬೇಡಿ.

ಆಟ ಮುಗಿದ ಮೇಲೆ

185 ಸೆಂ.ಮೀ. ಎತ್ತರದ, 105 ಕೆ.ಜಿ. ತೂಗುವ ಫಾರ್ವರ್ಡ್‌ನ ಬಿ.ಎಂ.ಐ. ಲೆಕ್ಕ ಹಾಕಿದರೆ ಮೂವತ್ತು ದಾಟುತ್ತದೆ. ನಮ್ಮ ಪಟ್ಟಿಯ ಪ್ರಕಾರ ಬೊಜ್ಜು. ಆದರೆ ಆಡುವ ವಯಸ್ಸಿನಲ್ಲಿ ಅದು ಕೊಬ್ಬಲ್ಲ, ಮಾಂಸಖಂಡ. ತೊಂದರೆ ಶುರುವಾಗುವುದು ಆಟ ಬಿಟ್ಟ ಮೇಲೆ. ಓಟ ನಿಲ್ಲುತ್ತದೆ, ಊಟ ನಿಲ್ಲುವುದಿಲ್ಲ. ಮೈಸೂರಿನ ಗರಡಿಗಳ ಪೈಲ್ವಾನರು ಸಾಮು ಬಿಟ್ಟ ಮೇಲೆ ಹೇಗಾಗುತ್ತಾರೆಂದು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮಾಂಸಖಂಡ ಕರಗಿ ಆ ಜಾಗದಲ್ಲಿ ಕೊಬ್ಬು ಕೂರುತ್ತದೆ, ತಕ್ಕಡಿಯ ಮುಳ್ಳು ಮಾತ್ರ ಅಲ್ಲೇ ಇರುತ್ತದೆ. ದಪ್ಪ ಕತ್ತಿನವರಿಗೆ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಅದರ ಹಿಂದೆ ಬಿ.ಪಿ., ಸಕ್ಕರೆ. ಪೊಲೀಸ್ ಇಲಾಖೆಯಿಂದ, ಸೈನ್ಯದಿಂದ ನಿವೃತ್ತರಾದ ನಮ್ಮ ಓದುಗರು ಸೊಂಟದ ಅಳತೆಯನ್ನು ಆರು ತಿಂಗಳಿಗೊಮ್ಮೆ ಟೇಪಿನಲ್ಲಿ ನೋಡಿಕೊಳ್ಳಲಿ.

ಭುಜದ ಮಾತು ಹೇಳಿ ಮುಗಿಸುತ್ತೇನೆ. ಮೇಲೆ ಹೇಳಿದ ಸ್ಯಾಮ್ ಬರ್ಜೆಸ್‌ನ ಆಟ ನಿಂತದ್ದು ಕೆನ್ನೆಯಿಂದಲ್ಲ, ಭುಜದಿಂದ. ಶಸ್ತ್ರಚಿಕಿತ್ಸೆಯಾಯಿತು, ಭುಜದೊಳಗೆ ಸೋಂಕು ಸೇರಿತು, ಮತ್ತೆ ಆಸ್ಪತ್ರೆ. 2019ರಲ್ಲಿ, ಮೂವತ್ತನೆಯ ವಯಸ್ಸಿಗೇ ನಿವೃತ್ತಿ. ಕೀಲಿನ ಒಳಗೆ ಹೊಕ್ಕ ಸೋಂಕು ಎಷ್ಟು ಹಟಮಾರಿ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಜಗತ್ತಿನ ಉತ್ತಮ ಆಸ್ಪತ್ರೆಗಳಲ್ಲೇ ಹೀಗಾದರೆ, ಮಂಡಿಗೆ ಭುಜಕ್ಕೆ ಎಲ್ಲೆಂದರಲ್ಲಿ ಸೂಜಿ ಚುಚ್ಚಿಸಿಕೊಳ್ಳುವ ನಮ್ಮವರು ಸ್ವಲ್ಪ ಯೋಚಿಸಬೇಕು. ನೋವಿನ ಮಾತ್ರೆಯೂ ಅಷ್ಟೇ. ಆಟಗಾರ ನುಂಗಿದರೂ ಅಂಗಡಿಯವರು ನುಂಗಿದರೂ ತಿಂಗಳುಗಟ್ಟಲೆ ತಿಂದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಹಾನಿ ಇಬ್ಬರಿಗೂ ಒಂದೇ.

ಕಳೆದ ತಿಂಗಳು ಒಬ್ಬರು ಹಿರಿಯ ಮಹಿಳೆ ಬಿ.ಪಿ. ತೋರಿಸಲು ಬಂದವರು ಕೇಳಿದರು. ಮಗ ಸೊಸೆ ಸಿಡ್ನಿಯಲ್ಲಿದ್ದಾರೆ, ಮೊಮ್ಮಗನಿಗೆ ಹನ್ನೆರಡು ವರ್ಷ, ಶಾಲೆಯಲ್ಲಿ ಈ ಆಟ ಆಡುತ್ತಾನೆ, ತಲೆಗೆ ಪೆಟ್ಟು ಬಿದ್ದು ಒಂದು ವಾರವಾಯಿತು, ಈಗ ಚೆನ್ನಾಗಿದ್ದಾನೆ, ಶನಿವಾರದ ಪಂದ್ಯಕ್ಕೆ ಕಳಿಸಬಹುದೇ? ಆಟವನ್ನೇ ಬಿಡಿಸಿ ಎಂದು ನಾನು ಹೇಳಲಿಲ್ಲ. ಓಡದೆ ಬೆವರದೆ ಮೊಬೈಲು ಹಿಡಿದು ಕೂರುವ ಮಕ್ಕಳನ್ನೂ ನಾನೇ ನೋಡಬೇಕಲ್ಲ. ಅಲ್ಲಿ ಟ್ಯಾಕಲ್ ಇಲ್ಲದ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕೀಳುವ ಬಗೆಯ ಆಟವೂ ಇದೆ, ಅದನ್ನು ಕೇಳಿ ನೋಡಲು ಹೇಳಿದೆ. ಆದರೆ ಈ ಶನಿವಾರ ಬೇಡವೇ ಬೇಡ ಎಂದೆ. ಆಸ್ಟ್ರೇಲಿಯದ ಕ್ರೀಡಾ ಸಂಸ್ಥೆಯೇ 2024ರಲ್ಲಿ ಹೇಳಿರುವಂತೆ, ಮಕ್ಕಳು ಕನ್‌ಕಷನ್ ಆದ ದಿನದಿಂದ ಕನಿಷ್ಠ 21 ದಿನ ಮೈ ತಾಗುವ ಪಂದ್ಯಕ್ಕೆ ಇಳಿಯಬಾರದು, ಯಾವ ಲಕ್ಷಣವೂ ಇಲ್ಲದೆ 14 ದಿನ ಕಳೆದಿರಲೂ ಬೇಕು. "ದಿನಾಂಕ ಯಾವುದು?" ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಅಲ್ಲಿಯೇ ಮಗನಿಗೆ ಫೋನ್ ಹಚ್ಚಿ ಕೇಳಿದರು. ಮಗ ಸೊಸೆಯನ್ನು ಕೇಳಿದ, ಸೊಸೆ ಹುಡುಗನನ್ನು ಕೇಳಿದಳು. ಕೊನೆಗೆ ಹೇಳಿದವನು ಹುಡುಗನೇ, ಮತ್ತು ಅದು ಎರಡನೆಯ ಪೆಟ್ಟು, ಮೊದಲನೆಯದು ಏಪ್ರಿಲ್‌ನಲ್ಲಿ ಬಿದ್ದಿತ್ತು ಎಂಬುದೂ ಆಗಲೇ ತಿಳಿದದ್ದು.